ಗಾಳಿಯಾಟ: ಬಂದ ಗಾಳಿ ಹೋಗಬೇಕಲ್ವಾ?

ಹೋದ ವಾರ ಶಿವಮೊಗ್ಗದಲ್ಲಿ ನೆಂಟರ ಮನೆಯ ನಾಮಕರಣ. ಊಟಕ್ಕೆ ಮುಂಚೆ ಮಗು ನೋಡಿ ಬರೋಣ ಅಂತ ಒಳಕೋಣೆಗೆ ಹೋದೆ. ಎರಡು ಕಿಟಕಿ, ಎರಡಕ್ಕೂ ಚಿಲಕ, ಅದರ ಮೇಲೆ ದಪ್ಪ ಪರದೆ. ಮೂಲೆಯಲ್ಲಿ ಸಾಂಬ್ರಾಣಿ. ಮಂಚದ ಕೆಳಗೆ ಸೊಳ್ಳೆ ಬತ್ತಿ. ಮೇಲೆ ಫ್ಯಾನ್ ಒಂದನೇ ನಂಬರಿನಲ್ಲಿ ತಿರುಗುತ್ತಿತ್ತು. ಮಗುವಿನ ಅಜ್ಜಿ ಹೆಮ್ಮೆಯಿಂದ ಹೇಳಿದರು: "ಈ ರೂಮಿಗೆ ಗಾಳಿಯಾಟ ಚೆನ್ನಾಗಿದೆ ಮಾರಾಯ್ರೆ, ಫ್ಯಾನ್ ಆಫೇ ಮಾಡಲ್ಲ."

ಗಾಳಿಯಾಟ ಅನ್ನುವ ಪದ ಹೀಗೆ ತಪ್ಪು ಜಾಗದಲ್ಲಿ ಕಿವಿಗೋ ಕಣ್ಣಿಗೋ ಬಿದ್ದದ್ದು ಈ ತಿಂಗಳಲ್ಲಿ ಇದು ಮೂರನೇ ಸಲ. ಮೊದಲನೆಯದು ಒಂದು ಬಾಡಿಗೆ ಮನೆಯ ಬೋರ್ಡು: 'ಉತ್ತಮ ಗಾಳಿಯಾಟ, ಎರಡೂ ರೂಮಿಗೆ ಎಸಿ'. ಎರಡನೆಯದು ಗೆಳೆಯನೊಬ್ಬನ ಮಾತು. ಬಚ್ಚಲಿನ ವಾಸನೆಗೆ ಮಲ್ಲಿಗೆ ಘಮದ ಸ್ಪ್ರೇ ಹೊಡೆದು, "ಈಗ ಗಾಳಿಯಾಟ ಸರಿಹೋಯ್ತು" ಅಂದ. ಆಗ ನಕ್ಕು ಸುಮ್ಮನಾದೆ. ಆದರೆ ಮೂರನೇ ಕೋಣೆಯಲ್ಲಿ ಹದಿನೈದು ದಿನದ ಕೂಸು ಮಲಗಿತ್ತು. ಅದಕ್ಕೇ ಈ ಪದದ ಬಗ್ಗೆ ಬರೆಯೋಣ ಅನ್ನಿಸಿತು.

ಗಾಳಿ ಯಾರಿಗೂ ಹೇಳಿಕೊಡಬೇಕಾದ ಪದ ಅಲ್ಲ. ತೆಲುಗಿನಲ್ಲಿ ಗಾಲಿ, ತಮಿಳಿನಲ್ಲಿ ಕಾಟ್ರು, ಎಲ್ಲ ಒಂದೇ ಕುಟುಂಬ. ಕಿತಾಪತಿ ಇರುವುದು 'ಆಟ'ದಲ್ಲಿ. ಆಟ ಅಂದ ಕೂಡಲೇ ನಮಗೆ ಮಕ್ಕಳಾಟ ನೆನಪಾಗುತ್ತದೆ. ಇಲ್ಲಿರುವ ಆಟ ಬೇರೆ. ಓಡು ಓಟ ಆದ ಹಾಗೆ, ನೋಡು ನೋಟ ಆದ ಹಾಗೆ, ಆಡು ಆಟ ಆಗಿದೆ. ಈ ಆಡು ಕನ್ನಡದಲ್ಲಿ ಎಲ್ಲಿ ಬೇಕಾದರೂ ಹೋಗಿ ಕೂರುತ್ತದೆ. ಮಾತಾಡು, ಓಡಾಡು, ಹಾರಾಡು, ತೂಗಾಡು, ಅಲ್ಲಾಡು. ಕೈಕಾಲು ಆಡಿಸುತ್ತೇವೆ, ನಾಯಿ ಬಾಲ ಆಡಿಸುತ್ತದೆ. ಒಂದೇ ಕಡೆ ನಿಲ್ಲದೆ ಅತ್ತ ಇತ್ತ ಹೋಗುತ್ತಿರುವುದು, ಹೋದದ್ದು ತಿರುಗಿ ಬರುವುದು. ಆಡುವಿಕೆ ಅಂದರೆ ಹೆಚ್ಚಿನ ಕಡೆ ಇದೇ.

ಇಲ್ಲಿ ಯಾರಾದರೂ ಎದ್ದು ನಿಂತು, "ಗಾಣ ಆಡಿಸ್ತಾರಲ್ಲ, ಅದು ನಿಂತಲ್ಲೇ ಸುತ್ತತ್ತೆ. ಫ್ಯಾನೂ ಹಾಗೇ ಅಲ್ವಾ?" ಅಂತ ಕೇಳಬಹುದು. ಒಳ್ಳೆಯ ಪ್ರಶ್ನೆ. ನಾನೂ ಈ ಗಾಣಕ್ಕೆ ಒಂದು ಸಂಜೆ ತಲೆ ಕೆಡಿಸಿಕೊಂಡೆ. ಬೇಸಿಗೆಯಲ್ಲಿ ಜಗಲಿಯ ಮೇಲೆ ಕೂತು "ಗಾಳಿಯೇ ಆಡ್ತಾ ಇಲ್ಲ" ಅನ್ನುವಾಗಲೂ ಹೇಳುತ್ತಿರುವುದು ಬರೀ ಅಲುಗಾಟದ ಮಾತು. ತೆಂಗಿನ ಗರಿ ಅಲ್ಲಾಡುತ್ತಿಲ್ಲ, ಸೆಕೆ, ಅಷ್ಟೇ. ಹಾಗಾಗಿ ಬರೀ ಆಡು ಹಿಡಿದುಕೊಂಡು ಜಗಳಕ್ಕೆ ನಿಂತರೆ ನಾನು ಸೋಲುತ್ತೇನೆ.

ಆದರೆ ಅದೇ ಪದವನ್ನು ಮನೆಗೆ ಸೇರಿಸಿ ನೋಡಿ. "ಆ ಮನೆಗೆ ಜನರ ಓಡಾಟ ಜಾಸ್ತಿ" ಅಂದರೆ ಏನು? ಹೊರಗಿನಿಂದ ಜನ ಬರುತ್ತಾರೆ, ಹೋಗುತ್ತಾರೆ ಅಂತ. ಮನೆಯವರು ನಾಲ್ಕು ಜನ ಒಳಗೇ ಅಡುಗೆಮನೆಯಿಂದ ಪಡಸಾಲೆಗೆ ದಿನವಿಡೀ ತಿರುಗಿದರೆ ಯಾರೂ ಹಾಗೆ ಹೇಳುವುದಿಲ್ಲ. ಮನೆಗೆ ಗಾಳಿಯಾಟ ಇದೆ ಅನ್ನುವುದೂ ಇದೇ ಲೆಕ್ಕ. ಹೊರಗಿನದು ಒಳಗೆ, ಒಳಗಿನದು ಹೊರಗೆ. ಇನ್ನೂ ಹತ್ತಿರದ ಸಾಕ್ಷಿ ಬೇಕಿದ್ದರೆ ಉಸಿರಾಟ ಇದೆ. ಬಾಯಿ ಮುಚ್ಚಿ, ಮೂಗು ಹಿಡಿದು, ಕೆನ್ನೆಯೊಳಗೇ ಗಾಳಿ ಮುಕ್ಕಳಿಸಿದರೆ ಅದನ್ನು ಉಸಿರಾಟ ಅನ್ನುತ್ತೀರಾ? ಮುಚ್ಚಿದ ಕೋಣೆಯ ಫ್ಯಾನ್ ಮಾಡುವುದು ಅದನ್ನೇ. ಸ್ಪ್ಲಿಟ್ ಎಸಿಯೂ ಕೋಣೆಯ ಗಾಳಿಯನ್ನೇ ಎಳೆದು, ತಣ್ಣಗೆ ಮಾಡಿ, ವಾಪಸ್ ಬಿಡುತ್ತದೆ. ಹೊರಗಿನ ಡಬ್ಬಕ್ಕೂ ಒಳಗಿನ ಡಬ್ಬಕ್ಕೂ ನಡುವೆ ಓಡಾಡುವುದು ಕೊಳವೆಯೊಳಗಿನ ಅನಿಲ. ನಿಮ್ಮ ಉಸಿರಿನ ಗಾಳಿ ಅದರಲ್ಲಿ ಹೊರಗೆ ಹೋಗುವುದಿಲ್ಲ. ಈ ವಿಷಯ ಹೇಳಿದಾಗ ನಂಬದವರೇ ಜಾಸ್ತಿ.

ಶಾಲೆಯ ಪುಸ್ತಕಗಳಲ್ಲಿ ಇದಕ್ಕೆ ವಾತಾಯನ ಅಂತ ಬರುತ್ತದೆ. ಸಂಸ್ಕೃತದಲ್ಲಿ ಆ ಪದಕ್ಕೆ ಕಿಟಕಿ ಅಂತಲೇ ಅರ್ಥ, ಗಾಳಿಯ ದಾರಿ. ಉತ್ತರಾಯಣ, ದಕ್ಷಿಣಾಯನದಲ್ಲಿರುವ ಅದೇ ಅಯನ. ಚೆಂದದ ಪದ, ಆದರೆ ಬಾಣಂತಿ ಕೋಣೆಯಲ್ಲಿ ವಾತಾಯನ ಅಂದರೆ ಯಾರಿಗೋ ಮಂಡಿನೋವು ಅಂದುಕೊಳ್ಳುತ್ತಾರೆ. ವೆಂಟಿಲೇಟರ್ ಅನ್ನುವ ಪದದ ಪಾಡು ಇನ್ನೂ ವಿಚಿತ್ರ. ನಮ್ಮಲ್ಲಿ ಅದು ಕಿಟಕಿಯ ಮೇಲೆ ಸೂರಿನ ಹತ್ತಿರ ಇರುವ ಸಣ್ಣ ಕಿಂಡಿ. ಮೇಸ್ತ್ರಿಗಳೂ ಹಾಗೇ ಅನ್ನುತ್ತಾರೆ. 2020ರ ಕೊರೊನಾ ಬಂದ ಮೇಲೆ ಅದು ಐಸಿಯುನ ಯಂತ್ರ ಆಯಿತು. ಎಸಿ ಹಾಕಿಸುವವರು ಮೊದಲು ಮುಚ್ಚಿಸುವುದು ಗೋಡೆಯ ಆ ವೆಂಟಿಲೇಟರನ್ನೇ. ಕಿಂಡಿ, ಯಂತ್ರ ಎರಡರ ಕೆಲಸವೂ ಗಾಳಿಯನ್ನು ಒಳಗೆ ತರುವುದು, ಹೊರಗೆ ಕಳಿಸುವುದು. ಕಿಂಡಿಗೆ ಕರೆಂಟು ಬೇಡ.

ಈಗ ಅಜ್ಜಿಯ ಪರ ವಾದ. ಅವರು ದಡ್ಡರಲ್ಲ. ಅವರಿಗೆ ಗಾಳಿ ಅಂದರೆ ಹೆದರಿಕೆ. ಆ ಹೆದರಿಕೆಯೂ ಪದದಲ್ಲೇ ಕೂತಿದೆ. ಗಾಳಿ ಸೋಕಿದೆ, ಗಾಳಿ ಮೆಟ್ಟಿಕೊಂಡಿದೆ ಅಂದರೆ ದೆವ್ವದ ಮಾತು. ಹೊಟ್ಟೆಯಲ್ಲಿ ಗಾಳಿ ಸೇರಿದೆ ಅಂದರೆ ಮಗು ತೇಗಿಲ್ಲ ಅಂತ. ಮಗುವಿಗೆ ಗಾಳಿ ತಾಗಿತು ಅಂದರೆ ಥಂಡಿ ಆಯಿತು ಅಂತ. ಮೂರು ಬೇರೆ ಬೇರೆ ಸಂಗತಿಗೆ ಒಂದೇ ಪದ. ಆಸ್ಪತ್ರೆಯಿಂದ ಕಳಿಸುವಾಗ ನರ್ಸ್ "ಗಾಳಿಯಾಡೋ ರೂಮಲ್ಲಿ ಮಲಗಿಸಿ" ಅನ್ನುತ್ತಾರೆ. ಮನೆಗೆ ಬರುವಷ್ಟರಲ್ಲಿ ಅದು "ಗಾಳಿ ತಾಗದ ಹಾಗೆ ಮಲಗಿಸಿ" ಆಗಿರುತ್ತದೆ.

ಥಂಡಿಯ ಭಯಕ್ಕೆ ಕಾರಣ ಇದೆ, ಒಪ್ಪುತ್ತೇನೆ. ಎಳೆಗೂಸಿನ ಮೈ ಬೇಗ ತಣ್ಣಗಾಗುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗಿಂತ ಹೆಚ್ಚು ಮಳೆ. ತೀರ್ಥಹಳ್ಳಿ, ಹೊಸನಗರದ ಕಡೆ ಆಷಾಢದಲ್ಲಿ ಕಿಟಕಿ ತೆಗೆದರೆ ಎರಚಲು ಹಾಸಿಗೆಯವರೆಗೆ ಬರುತ್ತದೆ. ಹಾಗಂತ ನೇರ ಬೀಸುವ ಗಾಳಿಗೆ ಮಗುವನ್ನು ಒಡ್ಡುವುದೂ ಕೋಣೆಯ ಗಾಳಿ ಬದಲಾಗುವುದೂ ಒಂದೇ ಅಲ್ಲ. ಮಂಚವನ್ನು ಕಿಟಕಿಯ ಸಾಲಿನಿಂದ ಸರಿಸಿ, ಕುಲಾವಿ ಹಾಕಿ, ಮೇಲಿನ ಕಿಂಡಿ ತೆರೆದಿಟ್ಟರೆ ಎರಡೂ ಆಯಿತು. ನೆಗಡಿ ತರುವುದು ವೈರಸ್. ಮುಚ್ಚಿದ ಕೋಣೆಯಲ್ಲಿ ಮಗು ನೋಡಲು ಬಂದ ಹತ್ತು ಜನ ಸೀನಿ ಹೋದರೆ ಅದಕ್ಕೆ ಹಬ್ಬ.

ಮಗು ಎಷ್ಟು ಗಾಳಿ ಕುಡಿಯುತ್ತದೆ ಅಂತ ಎಣಿಸಿ ನೋಡಿ. ನಾವು ಸುಮ್ನೆ ಕೂತಾಗ ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತೇವೆ. ಹುಟ್ಟಿದ ಕೂಸು 40ರಿಂದ 60 ಸಲ. ಮೈತೂಕಕ್ಕೆ ಹೋಲಿಸಿದರೆ ನಮಗಿಂತ ಅದರ ಪಾಲು ಜಾಸ್ತಿ. ಶ್ವಾಸಕೋಶದ ಗಾಳಿಚೀಲಗಳು ಹೆಚ್ಚಿನವು ಹುಟ್ಟಿದ ಮೇಲೇ ಬೆಳೆಯುತ್ತವೆ. ದಿನದ ಬಹುಪಾಲು ನಿದ್ದೆ, ಅದೂ ಒಂದೇ ಕೋಣೆಯಲ್ಲಿ. ಹೊಗೆ ಜಾಸ್ತಿ ಆಯಿತು ಅಂತ ನಾವು ಎದ್ದು ಜಗಲಿಗೆ ಹೋಗುತ್ತೇವೆ. ಕೂಸು ಎಲ್ಲಿಗೆ ಹೋಗುತ್ತದೆ?

ಹೊಗೆಗೆ ಬಂದೆವು. ಹೊಗೆಯಾಡು ಅನ್ನುವ ಪದದಲ್ಲೂ ಆಡು ಇದೆ ನೋಡಿ, ತಮಾಷೆ. ಮಲೆನಾಡಿನಲ್ಲಿ ಧೂಪಕ್ಕೆ ಬರವೇ ಇಲ್ಲ. ಕಾಡಿನ ಹಾಲುಮಡ್ಡಿ ಇದೆ, ಧೂಪದ ಮರದ ಅಂಟು ಇದೆ, ಅಂಗಡಿಯ ಸಾಂಬ್ರಾಣಿ ಇದೆ. ಮಗುವಿನ ತಲೆಗೆ ನೀರು ಹಾಕಿದ ಮೇಲೆ ಕೂದಲಿಗೆ ಧೂಪ ಹಿಡಿಯುತ್ತಾರೆ. ಮಳೆಗಾಲದಲ್ಲಿ ಕೆಂಡದ ಮೇಲೆ ಬುಟ್ಟಿ ಕವುಚಿ ಮಗುವಿನ ಬಟ್ಟೆ ಒಣಗಿಸುತ್ತಾರೆ. ಆ ಘಮ ನನಗೂ ಇಷ್ಟ. ಬಾಲ್ಯದ ವಾಸನೆ ಅದು, ಬೈಯಲು ಮನಸ್ಸು ಬರುವುದಿಲ್ಲ. ಆದರೆ ಧೂಪ ಹಾಕಿದರೆ ಗಾಳಿ ಶುದ್ಧವಾಗುತ್ತದೆ ಅನ್ನುವ ಮಾತು ಬಂದಾಗ ಮಾತ್ರ ತಡೆಯಲಾಗುವುದಿಲ್ಲ. ಘಮ ಬಂತು ಅಂದರೆ ಗಾಳಿಗೆ ಇನ್ನೊಂದು ವಸ್ತು ಸೇರಿತು ಅಂತ ಅರ್ಥ. ಇದ್ದದ್ದು ಯಾವುದೂ ಹೋಗಿಲ್ಲ. ಗೆಳೆಯನ ಮಲ್ಲಿಗೆ ಸ್ಪ್ರೇ ಕೂಡ ಹಾಗೇ.

ಉರಿದದ್ದೆಲ್ಲ ಕಣ್ಣಿಗೆ ಕಾಣದ ಸಣ್ಣ ಕಣ ಬಿಡುತ್ತದೆ. ಪೇಪರಿನಲ್ಲಿ ಪಿಎಂ 2.5 ಅಂತ ಬರುತ್ತದಲ್ಲ, ಅದು. ನಮ್ಮ ತಲೆಕೂದಲಿನ ದಪ್ಪದ ಇಪ್ಪತ್ತರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ದಿನದ ಸರಾಸರಿಯಲ್ಲಿ ಒಂದು ಘನ ಮೀಟರ್ ಗಾಳಿಗೆ 15 ಮೈಕ್ರೋಗ್ರಾಂ ಮೀರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ನಮ್ಮ ದೇಶದ 2009ರ ಮಿತಿ 60, ಅದೂ ಹೊರಗಿನ ಗಾಳಿಗೆ. ಮಂಚದ ಕೆಳಗಿನ ಸೊಳ್ಳೆ ಬತ್ತಿಯನ್ನು ಯಾರೂ ಈ ಲೆಕ್ಕಕ್ಕೆ ಹಿಡಿಯುವುದಿಲ್ಲ. ಒಂದು ಬತ್ತಿ ಪೂರ್ತಿ ಉರಿದರೆ 75ರಿಂದ 137 ಸಿಗರೇಟು ಬಿಡುವಷ್ಟು ಸಣ್ಣ ಕಣ ಬರುತ್ತದೆ ಅಂತ 2003ರ ಒಂದು ಅಧ್ಯಯನ ಲೆಕ್ಕ ಹಾಕಿತ್ತು. ಮಗುವಿನ ಅಪ್ಪ ಸಿಗರೇಟು ಸೇದಲು ರಸ್ತೆಗೆ ಹೋಗುತ್ತಾನೆ, ಬತ್ತಿ ಒಳಗೇ ಉರಿಯುತ್ತದೆ. ಸೊಳ್ಳೆಪರದೆಯ ತೂತಿನಲ್ಲಿ ಗಾಳಿ ಆಡುತ್ತದೆ, ಸೊಳ್ಳೆ ಆಡುವುದಿಲ್ಲ.

ಕೆಂಡದ ವಿಷಯ ಇನ್ನೂ ಗಂಭೀರ. ಅಗ್ಗಿಷ್ಟಿಕೆಯ ನಿಗಿನಿಗಿ ಕೆಂಡದಲ್ಲಿ ಹೊಗೆ ಇರುವುದಿಲ್ಲ, ಅದಕ್ಕೇ ಬಾಣಂತಿ ಕೋಣೆಗೆ ಅದು ಒಳ್ಳೆಯದು ಅಂತ ನಂಬಿಕೆ. ಕೆಂಡ ಬಿಡುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದಲ್ಲಿ ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟು ಮಲಗಿದವರು ಬೆಳಿಗ್ಗೆ ಏಳದ ಸುದ್ದಿ ಚಳಿಗಾಲದಲ್ಲಿ ಬರುತ್ತಲೇ ಇರುತ್ತದೆ. ಇಲ್ಲಿ ನನ್ನದು ಪದದ ಜಗಳ ಅಲ್ಲ. ಮಲಗುವ ಕೋಣೆಯಲ್ಲಿ ಕೆಂಡ ಬೇಡ, ಅಷ್ಟೇ.

ಏರ್ ಪ್ಯೂರಿಫೈಯರ್ ಇಟ್ಟರೆ ಸಾಲದಾ ಅಂತ ಒಬ್ಬರು ಕೇಳಿದರು. ಹೆಪಾ ಫಿಲ್ಟರ್ ಇದ್ದರೆ ಕಣ ಹಿಡಿಯುತ್ತದೆ, ಚೆನ್ನಾಗಿಯೇ ಹಿಡಿಯುತ್ತದೆ. ಮೊನಾಕ್ಸೈಡನ್ನಾಗಲಿ, ನಾವು ಬಿಟ್ಟ ಉಸಿರಿನ ಇಂಗಾಲದ ಡೈಆಕ್ಸೈಡನ್ನಾಗಲಿ ಹಿಡಿಯುವುದಿಲ್ಲ. ಅದು ಸೋಸುವುದು. ಗಾಳಿಯಾಟ ಬದಲಿಸುವುದು. ಹಾಲು ಸೋಸಿದರೆ ಹೊಸ ಹಾಲು ಆಗುವುದಿಲ್ಲವಲ್ಲ.

ನಮ್ಮ ಹಳೆಯ ಮನೆಗಳಿಗೆ ಈ ಪಾಠ ಬೇಕಿರಲಿಲ್ಲ. ಹಂಚಿನ ಸಂದು, ಅಟ್ಟ, ಮರದ ಸರಳಿನ ಕಿಟಕಿ, ಒಲೆಯ ಮೇಲ್ಗಡೆ ಗವಾಕ್ಷಿ. ಬಿಸಿ ಗಾಳಿ ಮೇಲೆ ಹೋಗುತ್ತದೆ, ಸಂದಿನಲ್ಲಿ ಹೊರಬೀಳುತ್ತದೆ, ಆ ಜಾಗಕ್ಕೆ ಕೆಳಗಿನಿಂದ ಹೊಸದು ಬರುತ್ತದೆ. ಹಾಗಂತ ಹಳೆಯದನ್ನು ಹೊಗಳಿ ಕೂರಲು ಆಗುವುದಿಲ್ಲ. ಅದೇ ಮನೆಯ ಅಡುಗೆಮನೆಯ ಜಂತಿಯಲ್ಲಿ ಹೊಗೆಮಸಿಯ ಇಲ್ಲಣ ನೇತಾಡುತ್ತಿತ್ತು. ಹೊಗೆ ಸಂದು ಹುಡುಕಿಕೊಂಡು ಹೋಗುವಷ್ಟರಲ್ಲಿ ಅರ್ಧ ಹೆಂಗಸರ ಎದೆಯಲ್ಲಿ ಕೂತಿರುತ್ತಿತ್ತು. ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಚಿಮಣಿ ಇರುವ ಅಸ್ತ್ರ ಒಲೆ ಬಂತು. ಅದು ಬಾಣ, ಅಸ್ತ್ರದ ಅಸ್ತ್ರ ಅಲ್ಲ. 1974ರಲ್ಲಿ ಅಲ್ಲಿ ಶುರುವಾದ ಗ್ರಾಮೀಣ ತಂತ್ರಜ್ಞಾನ ವಿಭಾಗದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು. ಹೊಗೆಗೆ ಅದರದೇ ದಾರಿ ಮಾಡಿಕೊಟ್ಟದ್ದು ಆ ಒಲೆಯ ಜಾಣತನ.

ಈಗ ಆರ್‌ಸಿಸಿ ಮನೆ, ರಬ್ಬರ್ ಅಂಚಿನ ಜಾರುಕಿಟಕಿ. ಒಳಗೆ ಒದ್ದೆ ಬಟ್ಟೆ, ಗೋಡೆಯಲ್ಲಿ ಬೂಷ್ಟು, ಮಗು ಬರುತ್ತದೆ ಅಂತ ಹೊಸದಾಗಿ ಹೊಡೆಸಿದ ಬಣ್ಣದ ವಾಸನೆ. ಹೊರಗೆ, ಬೆಂಗಳೂರಿನವರು ದುಡ್ಡು ಕೊಟ್ಟು ಬಂದು ಕುಡಿಯುವ ಗಾಳಿ. ಮಳೆಗಾಲದಲ್ಲಿ ಆ ಗಾಳಿಯೂ ಒದ್ದೆಯೇ, ಕಿಟಕಿ ತೆಗೆದರೆ ಬಟ್ಟೆ ಒಣಗುತ್ತದೆ ಅಂತ ನಾನು ಹೇಳುವುದಿಲ್ಲ. ಬಟ್ಟೆಯ ಹಗ್ಗವನ್ನು ಬೇರೆ ಕೋಣೆಗೆ ಕಟ್ಟಿ. ಮಳೆ ಹೊಳವಾದಾಗ ಎದುರುಬದುರು ಇರುವ ಕಿಟಕಿ ಬಾಗಿಲು ಹತ್ತು ನಿಮಿಷ ತೆಗೆಯಿರಿ. ಒಂದೇ ಕಿಟಕಿ ತೆಗೆದರೆ ಅರ್ಧ ಕೆಲಸ. ಬಂದ ನೆಂಟರಿಗೆ ಹೋಗಲು ದಾರಿ ಬೇಡವಾ?

ನಾಮಕರಣದ ದಿನ ನಾನು ಇಷ್ಟೆಲ್ಲ ಹೇಳಲಿಲ್ಲ. ಬತ್ತಿಯನ್ನು ಹಿತ್ತಲಿಗೆ ಇಟ್ಟು ಬಂದೆ, ಒಂದು ಕಿಟಕಿ ತೆಗೆದೆ, ಮಗುವಿನ ಅಮ್ಮ "ಅಬ್ಬಾ" ಅಂದಳು. ಊಟ ಮುಗಿಸಿ ಹೊರಡುವಾಗ ನೋಡಿದರೆ ಕಿಟಕಿ ಮತ್ತೆ ಮುಚ್ಚಿತ್ತು. ಫ್ಯಾನ್ ಎರಡನೇ ನಂಬರಿಗೆ ಏರಿತ್ತು.