ದುಂಡಗಿನ ಅಕ್ಷರ ನೋಡಿ ಮೋಸ ಹೋಗಬೇಡಿ

ಓದಲು ಕಷ್ಟಪಡುವ ಮಕ್ಕಳ ಬಗ್ಗೆ ನಡೆಯುವ ಶಿಕ್ಷಕರ ತರಬೇತಿಯಲ್ಲಿ ಕಾಫಿ ಬಿಡುವು ಬಂದರೆ ಸಾಕು, ಯಾರಾದರೂ ಒಬ್ಬರು ಮೇಷ್ಟ್ರು ಕಾಪಿ ಪುಸ್ತಕ ಹಿಡಿದು ಹತ್ತಿರ ಬರುತ್ತಾರೆ. "ನೋಡಿ ಮೇಡಂ, ಎಷ್ಟು ದುಂಡಗೆ ಬರೀತಾನೆ. ಇವನಿಗೆ ಏನೂ ತೊಂದರೆ ಇಲ್ಲ. ಓದೋಕೆ ಸೋಮಾರಿ ಅಷ್ಟೆ." ಶಿವಮೊಗ್ಗದಲ್ಲೂ ಇದೇ ಮಾತು, ಹೊಸನಗರ, ತೀರ್ಥಹಳ್ಳಿಯಲ್ಲೂ ಇದೇ ಮಾತು. ಪುಸ್ತಕ ನಿಜಕ್ಕೂ ಚೆನ್ನಾಗಿರುತ್ತದೆ. ನನಗೆ ತಲೆ ಬಿಸಿಯಾಗುವುದೇ ಅಲ್ಲಿ.

ನೋಡಿಕೊಂಡು ಬರೆಯುವುದಕ್ಕೆ ಓದು ಬರಬೇಕಾಗಿಲ್ಲ. ಬೋರ್ಡಿನ ಮೇಲಿರುವುದನ್ನು ಮಗು ರಂಗೋಲಿ ಇಳಿಸಿಕೊಂಡ ಹಾಗೆ ಇಳಿಸಿಕೊಳ್ಳಬಹುದು. ಕೊಂಬು, ದೀರ್ಘ, ಒತ್ತು ಎಲ್ಲ ಸರಿಯಾದ ಜಾಗದಲ್ಲೇ ಬರುತ್ತವೆ. ಆ ಗೆರೆಗೆ ಯಾವ ಸದ್ದು ಅನ್ನುವುದು ಮಾತ್ರ ಗೊತ್ತಿರುವುದಿಲ್ಲ. ಅಂಥ ಮಗುವಿಗೆ "ಹತ್ತು ಸಲ ಬರಿ" ಅಂದರೆ ಹತ್ತು ಸಲ ಚಿತ್ರ ಬಿಡಿಸುತ್ತದೆ. ಕೈ ನೋಯುತ್ತದೆ, ಓದು ಇದ್ದಲ್ಲೇ ಇರುತ್ತದೆ. ಆಮೇಲೆ ಇಪ್ಪತ್ತು ಸಲ ಬರೆಸುತ್ತೀರಿ.

ಡಿಸ್ಲೆಕ್ಸಿಯಾ, ಅಂದರೆ ಬುದ್ಧಿ ಚೆನ್ನಾಗಿದ್ದರೂ ಓದು ಬರಹ ಕಷ್ಟವಾಗುವ ತೊಂದರೆ, ಅಂದ ಕೂಡಲೇ ಎಲ್ಲರೂ ಉಲ್ಟಾ ಅಕ್ಷರ ಹುಡುಕುತ್ತಾರೆ. ಸಿನಿಮಾ ನೋಡಿದ ಪ್ರಭಾವ ಇರಬೇಕು. ಇಂಗ್ಲಿಷಿನ ಬಿ, ಡಿ ಅದಲು ಬದಲು ಮಾಡುವುದು ಆರೇಳು ವರ್ಷದ ತನಕ ಸುಮಾರು ಮಕ್ಕಳಲ್ಲಿ ಇರುತ್ತದೆ. ಅದೊಂದನ್ನೇ ಹಿಡಿದು ಏನೂ ಹೇಳಲಾಗದು. ಹೆಚ್ಚಿನ ಮಕ್ಕಳಲ್ಲಿ ಕಷ್ಟ ಇರುವುದು ಸದ್ದನ್ನು ಬಿಡಿಸಿ ಅಕ್ಷರಕ್ಕೆ ಜೋಡಿಸುವುದರಲ್ಲಿ. ಕನ್ನಡದಲ್ಲಿ ಅದು ಬೇರೆ ಕಡೆ ಕಾಣಿಸುತ್ತದೆ. ಓದು ತುಂಬಾ ನಿಧಾನ. ಒತ್ತಕ್ಷರ ಬಂದಲ್ಲಿ ಗಾಡಿ ನಿಂತೇ ಹೋಗುತ್ತದೆ. 'ಸೂರ್ಯ' ತೆಗೆದುಕೊಳ್ಳಿ. ಕಿವಿಗೆ ಮೊದಲು ಕೇಳುವುದು ರ್, ಆಮೇಲೆ ಯ. ಕೈ ಬರೆಯುವುದು ಮೊದಲು ಯ, ಆಮೇಲೆ ಅರ್ಕಾವತ್ತು. ಇನ್ನು ತ, ಮ, ಯ, ರ ಇವುಗಳ ಒತ್ತಿಗೂ ಮೂಲ ಅಕ್ಷರಕ್ಕೂ ಮುಖಚಹರೆಯೇ ಸೇರುವುದಿಲ್ಲ. ನಮಗೆ ಅಭ್ಯಾಸವಾಗಿದೆ, ಅದಕ್ಕೇ ಸುಲಭ ಅನಿಸುತ್ತದೆ.

ಹಾಗಂತ ಎರಡನೇ ಕ್ಲಾಸಿನ ಮಗು ಒತ್ತು ಬಿಟ್ಟ ತಕ್ಷಣ ಗಾಬರಿ ಬೇಡ. ಕನ್ನಡ ಓದು ಕಲಿಯುವ ಮಕ್ಕಳ ಬಗ್ಗೆ ಸಂಶೋಧಕಿ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಕ್ಷರಗಳ ಹಿಡಿತ ನಾಲ್ಕನೇ ಕ್ಲಾಸಿನವರೆಗೂ ಬೆಳೆಯುತ್ತಲೇ ಇರುವುದು ಕಂಡಿದೆ. 'ಧನ'ವನ್ನು 'ದನ' ಅಂತ ಬರೆದರೂ ಚಿಂತೆ ಇಲ್ಲ, ಮಹಾಪ್ರಾಣವನ್ನು ಮಾತಲ್ಲಿ ನಾವೇ ನುಂಗುತ್ತೇವೆ. ಮನೆಯಲ್ಲಿ ಲಂಬಾಣಿ, ಉರ್ದು, ಕೊಂಕಣಿ ಆಡುವ ಮಗುವಿನ ತಪ್ಪುಗಳೇ ಬೇರೆ. ಅದು ಭಾಷೆ ಹೊಸದು ಅನ್ನುವ ತೊಂದರೆ, ಕಲಿಕೆಯ ನ್ಯೂನತೆ ಅಲ್ಲ. ಮತ್ತೆ ದಯವಿಟ್ಟು ಜುಲೈ ತಿಂಗಳ ಉಕ್ತಲೇಖನ ನೋಡಿ ತೀರ್ಮಾನ ಮಾಡಬೇಡಿ. ಆಗುಂಬೆ ಕಡೆ ಶೀಟಿನ ಮಾಡಿನ ಮೇಲೆ ಮಳೆ ಹೊಯ್ಯುವಾಗ ನನಗೇ ನನ್ನ ಮಾತು ಕೇಳಿಸುವುದಿಲ್ಲ. ಕಣ್ಣು, ಕಿವಿ ಪರೀಕ್ಷೆ ಮೊದಲು ಆಗಲಿ.

ಹೊಸನಗರ ತಾಲ್ಲೂಕಿನ ಒಂದು ಶಾಲೆಯಲ್ಲಿ ಐದನೇ ಕ್ಲಾಸಿನ ಹುಡುಗನೊಬ್ಬ ಪಾಠವನ್ನು ಗಡಗಡ ಓದಿ ತೋರಿಸಿದ. ನಡುವೆ ನಾನು ಸುಮ್ನೆ ಹಾಳೆ ತಿರುವಿದೆ. ಓದು ನಿಲ್ಲಲೇ ಇಲ್ಲ, ಹಿಂದಿನ ಪುಟದ ಸಾಲುಗಳನ್ನೇ ಮುಂದುವರಿಸಿದ! ದಿನಾ ಎಲ್ಲರ ಜೊತೆ ರಾಗವಾಗಿ ಹೇಳಿ ಹೇಳಿ ಬಾಯಿಪಾಠ ಆಗಿತ್ತು. ಇದೇ ಹುಡುಗ ಅಡಿಕೆಯಲ್ಲಿ ರಾಶಿ ಯಾವುದು, ಬೆಟ್ಟೆ ಯಾವುದು, ಗೊರಬಲು ಹೇಗಾಗುತ್ತದೆ ಅಂತ ನನಗೇ ಪಾಠ ಮಾಡಿದ. ಬುದ್ಧಿಗೇನೂ ಕೊರತೆ ಇರಲಿಲ್ಲ. ಮೇಷ್ಟ್ರನ್ನು ಬೈಯಲು ನನಗೆ ಮನಸ್ಸು ಬರಲಿಲ್ಲ. ಒಬ್ಬರೇ ಮೂರು ಕ್ಲಾಸು ನೋಡಬೇಕು, ಬಿಸಿಯೂಟ ನೋಡಬೇಕು, ಆನ್‌ಲೈನ್ ಮಾಹಿತಿ ತುಂಬಬೇಕು.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರಿಗೂ ವರ್ಷಕ್ಕೆ 50 ಗಂಟೆ ತರಬೇತಿ ಅನ್ನುತ್ತದೆ. ನನ್ನ ಕೈಗೆ ಕೊಟ್ಟರೆ ಅದರಲ್ಲಿ ಒಂದಿಷ್ಟು ಗಂಟೆ ಸ್ಲೈಡ್ ಬಂದ್. ಶಿಕ್ಷಕರು ಒಂದೊಂದು ಮಗುವಿನ ಪಕ್ಕ ಕೂತು, ಅದು ಹಿಂದೆಂದೂ ನೋಡದ ನಾಲ್ಕು ಸಾಲು ಓದಿಸಲಿ. ತಪ್ಪು ಎಷ್ಟು ಅಂತ ಎಣಿಸುವುದಕ್ಕಿಂತ ಯಾವ ಥರದ ತಪ್ಪು ಅಂತ ಬರೆದುಕೊಳ್ಳಲಿ. ಆಮೇಲೆ ಅಂಥದ್ದೇ ಬೇರೆ ನಾಲ್ಕು ಸಾಲನ್ನು ನೀವೇ ಓದಿ ಹೇಳಿ, ಪ್ರಶ್ನೆ ಕೇಳಿ. ಕೇಳಿದ್ದಕ್ಕೆ ಪಟಪಟ ಉತ್ತರ ಕೊಡುವ ಮಗು ತಾನೇ ಓದುವಾಗ ತಡವರಿಸಿದರೆ, ಅದನ್ನು ಬರೆದಿಟ್ಟು, ವಿಶೇಷ ಅಗತ್ಯದ ಮಕ್ಕಳಿಗಾಗಿ ಇರುವ ಸಂಪನ್ಮೂಲ ಶಿಕ್ಷಕರಾದ ಬ್ಲಾಕಿನ ಬಿಐಇಆರ್‌ಟಿಗೆ ತಿಳಿಸಿ. ತೊಂದರೆಗೆ ಹೆಸರು ಇಡುವ ಕೆಲಸ ನಿಮ್ಮದಲ್ಲ. ಒಂದು ಭೇಟಿಯಲ್ಲಿ ನಾನೂ ಇಡುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಇದೆ, ಡಿಸ್ಲೆಕ್ಸಿಯಾ ಬರುವುದು ಇದರಲ್ಲೇ. ಪ್ರಮಾಣಪತ್ರ ಇದ್ದರೆ ಪರೀಕ್ಷೆಯಲ್ಲಿ ಹೆಚ್ಚು ಸಮಯದಂಥ ಅನುಕೂಲ ಕೇಳಬಹುದು. ಆದರೆ ಅದಕ್ಕೆ ಸರಿಯಾದ ಪರೀಕ್ಷೆ ಆಗಬೇಕು. ಅಲ್ಲಿಯವರೆಗೆ ಮಗುವಿನ ಉತ್ತರವನ್ನು ಬಾಯಲ್ಲಿ ಕೇಳಲು ಯಾರ ಆದೇಶವೂ ಬೇಕಿಲ್ಲ, ಅಲ್ವಾ?

"ಹಾಗಾದ್ರೆ ಕಾಪಿ ಬರೆಸೋದೇ ಬೇಡವಾ?" ಅಂತ ಕೇಳುತ್ತಾರೆ. ಬರೆಸಿ. ಅಕ್ಷರ ದುಂಡಗಾಗಲಿ ಅಂತ ಬರೆಸಿ, ಶಿಕ್ಷೆ ಅಂತ ಬೇಡ. ಓದಲು ಕಷ್ಟಪಡುವ ಮಗುವಿಗೆ ದಿನಕ್ಕೆ ಐದು ಪದ ಸಾಕು. ಮೊದಲು 'ಸೂರ್' ಮತ್ತು 'ಯ' ಅಂತ ಬಿಡಿಸಿ ಬಾಯಲ್ಲಿ ಹೇಳಲಿ, ಹೇಳುತ್ತಾ ಬರೆಯಲಿ. ಆಮೇಲೆ ಪುಸ್ತಕ ಮುಚ್ಚಿ, ಇನ್ನೊಮ್ಮೆ ಬರೆಯಲು ಹೇಳಿ.