ಫ್ಲ್ಯಾಶ್ ಹೋಯಿತು, ನಕ್ಷೆಯ ಮಾಹಿತಿಯೂ ಹೋಯಿತೇ?

ಪ್ರಶ್ನೆ: ನಮ್ಮ ಜಾಲತಾಣದಲ್ಲಿ ಕೆರೆಗಳ ನಕ್ಷೆಯೊಂದಿತ್ತು, ಫ್ಲ್ಯಾಶ್‌ನಲ್ಲಿ ಮಾಡಿದ್ದು. ಈಗ ತೆರೆದರೆ ಖಾಲಿ ಚೌಕವಷ್ಟೇ ಕಾಣುತ್ತದೆ. ಮಾಹಿತಿಯೆಲ್ಲ ಅದರೊಳಗೇ ಇತ್ತು, ಮೊದಲಿನಿಂದ ತುಂಬಿಸಬೇಕು ಎನ್ನುತ್ತಾರೆ. ನಿಜವೇ?

ಅಲ್ಲ. ಕೆರೆಯ ಬದಲು ಶಾಲೆ, ಶಾಲೆಯ ಬದಲು ಬಸ್ ನಿಲ್ದಾಣ ಎಂದು ಇದೇ ಪ್ರಶ್ನೆ ವೇಷ ಬದಲಿಸಿ ಬರುತ್ತಲೇ ಇದೆ. ನನ್ನ ಉತ್ತರವಂತೂ ಬದಲಾಗಿಲ್ಲ.

ಮೊದಲು ಹಳೆಯ ಫ್ಲ್ಯಾಶ್ ಪ್ಲೇಯರ್, ಅಂದರೆ ಫ್ಲ್ಯಾಶ್ ಕಡತ ತೋರಿಸಲು ಬ್ರೌಸರ್‌ಗೆ ಸೇರಿಸುತ್ತಿದ್ದ ಪ್ಲಗಿನ್, ಹುಡುಕುವುದನ್ನು ಬಿಡಿ. ಅದರ ಕಂಪನಿ ಅಡೋಬಿ 2020ರ ಡಿಸೆಂಬರ್ 31ಕ್ಕೆ ಅದರ ಕೈಬಿಟ್ಟಿತು. 2021ರ ಜನವರಿ 12ರಿಂದ ಪ್ಲೇಯರೇ ಕಡತಗಳನ್ನು ತೆರೆಯಲು ನಿರಾಕರಿಸಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಮೈಕ್ರೋಸಾಫ್ಟ್‌ನ ಇಂಥದೇ ಪ್ಲಗಿನ್ ಸಿಲ್ವರ್‌ಲೈಟ್ ಕಥೆಯೂ ಮುಗಿಯಿತು. ಈಗ ಯಾರಾದರೂ ‘ಫ್ಲ್ಯಾಶ್ ಅಪ್‌ಡೇಟ್’ ಕೊಡುತ್ತೇವೆಂದರೆ ಅದು ವೈರಸ್ ಎಂದೇ ತಿಳಿಯಿರಿ.

ಇನ್ನು ಮಾಹಿತಿ ಫ್ಲ್ಯಾಶ್‌ನೊಳಗೇ ಇತ್ತೆಂಬ ಆ ಹಟಮಾರಿ ನಂಬಿಕೆ. ಪ್ಲಗಿನ್ ಬರೀ ಕನ್ನಡಕ. ಅದು ಒಡೆದರೆ ಎದುರಿಗಿದ್ದ ಕೆರೆ ಬತ್ತುವುದಿಲ್ಲ. ಆ ಕಾಲದ ಬಹುತೇಕ ನಕ್ಷೆಗಳು ಮಾಹಿತಿಯನ್ನು ಸರ್ವರ್‌ನಿಂದ ಆಗಾಗ ಕೇಳಿ ತರಿಸಿಕೊಳ್ಳುತ್ತಿದ್ದವು. ಉದಾಹರಣೆಗೆ, ನಿಮ್ಮದು ಎಸ್ರಿ ಕಂಪನಿಯ ಫ್ಲೆಕ್ಸ್ ವ್ಯೂವರ್ (ಫ್ಲ್ಯಾಶ್‌ನಲ್ಲಿ ನಕ್ಷೆ ತೋರಿಸುತ್ತಿದ್ದ ಸಿದ್ಧ ತಂತ್ರಾಂಶ) ಆಗಿದ್ದರೆ, ಅದರ ಫೋಲ್ಡರ್‌ನಲ್ಲಿ ‘ಕಾನ್ಫಿಗ್’ ಹೆಸರಿನ ಎಕ್ಸ್‌ಎಂಎಲ್ ಕಡತವಿರುತ್ತದೆ. ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ‘ಮ್ಯಾಪ್‌ಸರ್ವರ್’ ಎಂದು ಕೊನೆಗೊಳ್ಳುವ ವಿಳಾಸಗಳು ಸಾಲಾಗಿ ಸಿಗುತ್ತವೆ. ಒಂದನ್ನು ಬ್ರೌಸರ್‌ಗೆ ಅಂಟಿಸಿ ನೋಡಿ. ಸರ್ವರ್ ಇನ್ನೂ ನಡೆಯುತ್ತಿದ್ದರೆ ಪದರಗಳ ಪಟ್ಟಿ ಕಣ್ಣೆದುರು ಬರುತ್ತದೆ, ಒಂದು ಪದರವನ್ನು ಒತ್ತಿದರೆ ಕೆರೆಯ ಹೆಸರು, ವಿಸ್ತೀರ್ಣದಂಥ ಕಾಲಂಗಳೂ ಕಾಣುತ್ತವೆ. ಸರ್ವರ್ ನಿಂತಿದ್ದರೂ ಅದರ ಹಿಂದೆ ಶೇಪ್‌ಫೈಲ್ (ನಕ್ಷೆಯ ಮಾಹಿತಿ ಇಡುವ ಕಡತ) ಅಥವಾ ಡೇಟಾಬೇಸ್ ಇದ್ದೇ ಇತ್ತು. ಆ ಯಂತ್ರದ ಬ್ಯಾಕಪ್ ಎಲ್ಲಿದೆ ಎಂದು ವಿಚಾರಿಸಿ. ‘ಎಲ್ಲ ಹೊಸದಾಗಿ ಮಾಡಬೇಕು’ ಎಂದು ಅಂದಾಜುಪಟ್ಟಿ ತಂದವರಿಗೆ ಈ ಕಡತ ತೋರಿಸಿ, ಮುಖ ನೋಡಿ.

ಸರ್ವರ್‌ನಿಂದ ಮಾಹಿತಿ ಇಳಿಸಿಕೊಳ್ಳುವಾಗ ಸಾವಿರ ಕೆರೆ ಬಂದು ಉಳಿದವು ಬರಲಿಲ್ಲವೆಂದು ‘ಅರ್ಧ ಮಾಹಿತಿ ನಾಶವಾಗಿದೆ’ ಎಂದು ಘೋಷಿಸುವವರೂ ಇದ್ದಾರೆ. ಒಂದು ಸಲಕ್ಕೆ ಇಷ್ಟೇ ಸಾಲು ಎಂಬ ಮಿತಿ ಆ ಸರ್ವರ್‌ಗೆ ಇರುತ್ತದೆ, ಹಲವು ಕಡೆ ಅದು 1000. ಕಂತುಕಂತಾಗಿ ಕೇಳಿ, ಅಷ್ಟೇ.

ನಂಬಿಕೆ ನಿಜವಾಗುವುದು ಒಂದೇ ಸಂದರ್ಭದಲ್ಲಿ: ಯಾರೋ ನಕ್ಷೆಯನ್ನು ಚಿತ್ರದಂತೆ ಫ್ಲ್ಯಾಶ್ ಕಡತದೊಳಗೇ ಬರೆದಿದ್ದರೆ. ಆಗಲೂ ಗೆರೆಗಳನ್ನು ಹೊರತೆಗೆಯಬಹುದು. ಅವುಗಳಿಗೆ ಅಕ್ಷಾಂಶ, ರೇಖಾಂಶ ಇರುವುದಿಲ್ಲ, ಕೂಡಿಸುವ ಕೆಲಸ ನಿಮ್ಮದು.

ಹೊಸದಾಗಿ ತೋರಿಸುವುದಕ್ಕೆ ಲೀಫ್ಲೆಟ್ ಅಥವಾ ಓಪನ್‌ಲೇಯರ್ಸ್ ಸಾಕು, ಬ್ರೌಸರ್‌ನಲ್ಲೇ ನಕ್ಷೆ ಬಿಡಿಸುವ ಜಾವಾಸ್ಕ್ರಿಪ್ಟ್ ಲೈಬ್ರರಿಗಳಿವು. ಎರಡೂ ಉಚಿತ, ನೋಡುಗರು ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಲಕ್ಷಗಟ್ಟಲೆ ಆಕೃತಿಗಳಿದ್ದರೆ ಮಾತ್ರ ಇದೇ ಬಗೆಯ ಮ್ಯಾಪ್‌ಲಿಬ್ರೆ ಕಡೆಗೆ ಹೋಗಿ. ಹೊಸ ನಕ್ಷೆಯೂ ಖಾಲಿ ಕಂಡರೆ ಸರ್ವರ್‌ನ ಅನುಮತಿ ನೋಡಿ. ಬೇರೆ ತಾಣದ ಮಾಹಿತಿ ಓದಲು ಫ್ಲ್ಯಾಶ್ ನೋಡುತ್ತಿದ್ದದ್ದು ‘ಕ್ರಾಸ್‌ಡೊಮೇನ್’ ಎಂಬ ಕಡತವನ್ನು. ಜಾವಾಸ್ಕ್ರಿಪ್ಟ್‌ಗೆ ಅದು ಲೆಕ್ಕಕ್ಕಿಲ್ಲ, ಬೇರೆ ತಾಣದವರು ಓದಬಹುದೆಂಬ ‘ಕಾರ್ಸ್’ ಅನುಮತಿಯನ್ನು ಸರ್ವರ್ ಕಳುಹಿಸಲೇಬೇಕು.

ನೀವು ಕೇಳಿಲ್ಲ, ಮುಂದಿನ ಪತ್ರದಲ್ಲಿ ಕೇಳುತ್ತೀರಿ: ‘ಕೆರೆಗಳು ಎಲ್ಲಿ ಹೋದವು?’ ಲೀಫ್ಲೆಟ್ ಅಕ್ಷಾಂಶವನ್ನು ಮೊದಲು ಕೇಳುತ್ತದೆ, ನಕ್ಷೆಯ ಮಾಹಿತಿ ಬರೆದಿಡುವ ಜಿಯೋಜೇಸನ್ ಕಡತದಲ್ಲಿ ರೇಖಾಂಶ ಮೊದಲು. ಕಡತವನ್ನು ಇಡಿಯಾಗಿ ಕೊಟ್ಟರೆ ಲೀಫ್ಲೆಟ್ ತಾನೇ ಸರಿಪಡಿಸಿಕೊಳ್ಳುತ್ತದೆ. ಬಿಂದುಗಳನ್ನು ಒಂದೊಂದಾಗಿ ನೀವೇ ಇಡುವಾಗ ಎಡವಟ್ಟಾಗುತ್ತದೆ. ಬೆಂಗಳೂರಿನ 12.97, 77.59 ತಿರುವುಮುರುವಾದರೆ ಹಲಸೂರು ಕೆರೆ ಸ್ವಾಲ್‌ಬಾರ್ಡ್ ದ್ವೀಪಗಳ ಬಳಿಯ ಹಿಮದ ಕಡಲಿನಲ್ಲಿರುತ್ತದೆ. ಅಂಕಿ 86 ಲಕ್ಷದಷ್ಟು ದೊಡ್ಡದಿದ್ದರೆ ಅದು ಡಿಗ್ರಿಯಲ್ಲ, ಮೀಟರ್, ಮೊದಲು ಪರಿವರ್ತಿಸಿ. ಹಾಗಾಗಿ ಕೆರೆ ಕಾಣೆಯಾಗಿದೆ ಎಂದು ನನಗೆ ಬರೆಯುವ ಮುನ್ನ ನಕ್ಷೆಯನ್ನು ಪೂರ್ತಿ ಕುಗ್ಗಿಸಿ, ನಾರ್ವೆಯ ಉತ್ತರಕ್ಕೊಮ್ಮೆ ಹುಡುಕಿ.