ಬೆಳಿಗ್ಗೆ ಸಾಯುವ, ಮಧ್ಯಾಹ್ನ ಬದುಕುವ ಕೀಗಳು

ಪ್ರಶ್ನೆ: "ನನ್ನ ಲ್ಯಾಪ್‌ಟಾಪ್‌ನಲ್ಲಿ ನಾಲ್ಕೈದು ಕೀಗಳು ಒಮ್ಮೆ ಕೆಲಸ ಮಾಡುತ್ತವೆ, ಒಮ್ಮೆ ಇಲ್ಲ. ಬೆಳಿಗ್ಗೆ ಎಷ್ಟು ಒತ್ತಿದರೂ ಅಕ್ಷರ ಬರುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ತಾನಾಗಿಯೇ ಸರಿಹೋಗುತ್ತದೆ. ಒಂದು ವಾರ ಅಕ್ಕಿಯಲ್ಲಿ ಇಟ್ಟು ನೋಡಿದೆ. ಎರಡು ದಿನ ಚೆನ್ನಾಗಿತ್ತು, ಈಗ ಮತ್ತೆ ಅದೇ ಕಥೆ. ಇನ್ನೂ ಜಾಸ್ತಿ ದಿನ ಇಡಬೇಕಿತ್ತಾ?" (ಕೊಡಗಿನ ನಾಪೋಕ್ಲು ಕಡೆಯ ಓದುಗರು)

ಇಲ್ಲ. ಜಾಸ್ತಿ ದಿನವೂ ಬೇಡ, ಕಮ್ಮಿ ದಿನವೂ ಬೇಡ. ಅಕ್ಕಿಯೇ ಬೇಡ.

ಈ ಮಾತನ್ನು ನಾನು ಪ್ರತಿ ಮಳೆಗಾಲ ಹೇಳುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನನ್ನ ಮೇಜಿಗೆ ಬರುವ ಲ್ಯಾಪ್‌ಟಾಪ್‌ಗಳಲ್ಲಿ ಅಕ್ಕಿ ಸೋಕದ್ದು ಒಂದು ಸಿಕ್ಕರೆ ನನಗೇ ಆಶ್ಚರ್ಯ. ಒಮ್ಮೆ ಫ್ಯಾನ್ ಬಿಚ್ಚಿದಾಗ ಒಳಗಿನಿಂದ ಎರಡು ಅಕ್ಕಿಹುಳ ನಿಧಾನವಾಗಿ ನಡೆದು ಹೊರಗೆ ಬಂದವು. ತಂದವರು ನನ್ನ ಮುಖ ನೋಡಿದರು, ನಾನು ಹುಳದ ಮುಖ ನೋಡಿದೆ.

ಮೊದಲು ಸುಲಭದ್ದನ್ನು ಮುಗಿಸಿಬಿಡೋಣ. ಕೆಲವು ಸಲ ಕೀ ಕೆಟ್ಟಿರುವುದೇ ಇಲ್ಲ, ಸೆಟ್ಟಿಂಗ್ ಬದಲಾಗಿರುತ್ತದೆ. ಬಲಗಡೆಯ ಶಿಫ್ಟ್ ಕೀಯನ್ನು 8 ಸೆಕೆಂಡ್ ಒತ್ತಿ ಹಿಡಿದರೆ ವಿಂಡೋಸ್‌ನಲ್ಲಿ ಫಿಲ್ಟರ್ ಕೀಸ್ ಶುರುವಾಗುತ್ತದೆ. ಅದು ಆನ್ ಆಗಿದ್ದರೆ ಬೇಗ ಬೇಗ ಒತ್ತಿದ ಅಕ್ಷರಗಳು ಬರುವುದಿಲ್ಲ. ಸಣ್ಣ ಲ್ಯಾಪ್‌ಟಾಪ್‌ಗಳಲ್ಲಿ ನಮ್ ಲಾಕ್ ಆನ್ ಆದರೆ ಯು, ಐ, ಓ, ಜೆ, ಕೆ, ಎಲ್ ಕೀಗಳು ಅಂಕಿ ಬರೆಯತೊಡಗುತ್ತವೆ. ವಿಂಡೋಸ್ ಕೀ ಜೊತೆ ಸ್ಪೇಸ್ ಬಾರ್ ತಾಗಿದರೆ ಭಾಷೆಯೇ ಬದಲಾಗುತ್ತದೆ. ಇಷ್ಟನ್ನು ನೋಡಿ. ಆಮೇಲೆ ಯಾರದಾದರೂ ಯುಎಸ್‌ಬಿ ಕೀಬೋರ್ಡ್ ತಂದು ಸಿಕ್ಕಿಸಿ. ಅದರಲ್ಲಿ ಎಲ್ಲ ಅಕ್ಷರ ಸರಿಯಾಗಿ ಬಂದರೆ ಸಾಫ್ಟ್‌ವೇರ್‌ನ ತಂಟೆಗೆ ಹೋಗಬೇಡಿ. ಫಾರ್ಮ್ಯಾಟ್ ಮಾಡಿಸಬೇಡಿ. ಬೆಳಿಗ್ಗೆ ಕೆಟ್ಟು ಮಧ್ಯಾಹ್ನ ಸರಿಯಾಗುವುದು ವೈರಸ್ ಅಲ್ಲ. ವಿಂಡೋಸ್‌ಗೆ ಜಡಿಮಳೆಯ ಕಕ್ಕಡ ತಿಂಗಳು ಯಾವುದು, ಸುಗ್ಗಿಯ ಪುತ್ತರಿ ಹಬ್ಬ ಯಾವಾಗ ಅಂತ ಗೊತ್ತಿಲ್ಲ. ಹವಾಮಾನ ಗೊತ್ತಾಗುವುದು ಹಾರ್ಡ್‌ವೇರ್‌ಗೆ ಮಾತ್ರ.

ಈಗ ಅಕ್ಕಿಯ ವಿಷಯ.

ಅಕ್ಕಿ ನೀರು ಎಳೆಯುತ್ತದೆ ಅನ್ನುವುದು ಪೂರ್ತಿ ಸುಳ್ಳಲ್ಲ. ಒಣಗಿದ ಅಕ್ಕಿ, ಮುಚ್ಚಿದ ಡಬ್ಬ, ಸುತ್ತ ಒಣ ಗಾಳಿ ಇದ್ದರೆ ಸ್ವಲ್ಪ ಎಳೆಯುತ್ತದೆ, ಅದೂ ನಿಧಾನವಾಗಿ. ಆದರೆ ನೀವಿರುವುದು ಎಲ್ಲಿ? ಬೆಲ್ಟ್‌ಗೆ, ಚಪ್ಪಲಿಗೆ, ಗೋಡೆಯ ಫೋಟೋಗೆ ಬೂಸ್ಟು ಹಿಡಿಯುವ ಊರಿನಲ್ಲಿ. ನೀವು ಕಾಫಿ ಒಣಗಿಸಿದವರು. ಕಣದಲ್ಲಿ ಗಲಗಲ ಅನ್ನುವಷ್ಟು ಒಣಗಿಸಿದ ಕಾಫಿಯನ್ನು ಮಳೆಗಾಲ ಮುಗಿಯುವವರೆಗೆ ಮನೆಯಲ್ಲಿಟ್ಟರೆ ಏನಾಗುತ್ತದೆ? ಗಾಳಿಯಿಂದ ತೇವ ಕುಡಿದು ಬಣ್ಣ ಬಿಳಿಚಿಕೊಳ್ಳುತ್ತದೆ, ಮೂಟೆಯ ತೂಕ ಏರುತ್ತದೆ. ಕರಾವಳಿಯ ಗೋದಾಮುಗಳಲ್ಲಿ ಇದನ್ನೇ ಬೇಕೆಂದು ಮಾಡುತ್ತಾರೆ. ಮುಂಗಾರಿನ ಗಾಳಿಗೆ ಬೀಜ ಹರಡಿ, ಊದಿಸಿ, ಮಾನ್ಸೂನ್ಡ್ ಮಲಬಾರ್ ಅಂತ ಹೊರದೇಶಕ್ಕೆ ಮಾರುತ್ತಾರೆ. ಕಾಫಿ ಬೀಜ ಗಾಳಿಯ ತೇವ ಕುಡಿಯುತ್ತದೆ ಎಂದು ಗೊತ್ತಿರುವ ನೀವು, ಅಕ್ಕಿ ಮಾತ್ರ ಏನೂ ಕುಡಿಯದೆ ನಿಮ್ಮ ಲ್ಯಾಪ್‌ಟಾಪ್‌ಗಾಗಿ ಬಾಯಾರಿ ಕಾದು ಕೂತಿದೆ ಅಂತ ಹೇಗೆ ನಂಬಿದಿರಿ? ಜುಲೈ ತಿಂಗಳ ಅಕ್ಕಿಗೆ ಆಗಲೇ ಹೊಟ್ಟೆ ತುಂಬಿರುತ್ತದೆ.

ಆಪಲ್ ಕಂಪನಿಯೇ 2024ರಲ್ಲಿ ಇದನ್ನು ಬರೆದು ಹೇಳಬೇಕಾಯಿತು. ನೆನೆದ ಐಫೋನನ್ನು ಅಕ್ಕಿ ಚೀಲದಲ್ಲಿ ಇಡಬೇಡಿ, ಅಕ್ಕಿಯ ಸಣ್ಣ ಕಣಗಳಿಂದ ಫೋನಿಗೆ ಹಾನಿ ಆಗಬಹುದು ಎಂದು. ಫೋನಿಗೇ ಬೇಡ ಅಂದ ಮೇಲೆ ಅಡಿಯಲ್ಲಿ, ಪಕ್ಕದಲ್ಲಿ ಗಾಳಿಕಿಂಡಿ ಇರುವ ಲ್ಯಾಪ್‌ಟಾಪ್‌ಗೆ? ಅಕ್ಕಿಯ ಹಿಟ್ಟು ಒಳಗೆ ಹೋಗಿ, ತೇವ ಸೇರಿ, ಗಂಜಿಯಾಗಿ ಫ್ಯಾನಿಗೆ ಮೆತ್ತಿಕೊಂಡದ್ದನ್ನು ಟೂತ್‌ಬ್ರಷ್‌ನಲ್ಲಿ ಕೆರೆದು ತೆಗೆಯುವವನು ನಾನು.

ಅದೂ ಹೋಗಲಿ. ನೀರು ಎಲ್ಲಿದೆ ಅಂತ ಯೋಚಿಸಿ. ಹೆಚ್ಚಿನ ಲ್ಯಾಪ್‌ಟಾಪ್ ಕೀಬೋರ್ಡ್‌ಗಳಲ್ಲಿ ಕೀಗಳ ಕೆಳಗೆ ಮೂರು ತೆಳು ಪ್ಲಾಸ್ಟಿಕ್ ಹಾಳೆಗಳು ಒಂದರ ಮೇಲೊಂದು ಅಂಟಿಕೊಂಡಿರುತ್ತವೆ. ಮೇಲಿನ ಮತ್ತು ಕೆಳಗಿನ ಹಾಳೆಯಲ್ಲಿ ಬೆಳ್ಳಿ ಬೆರೆತ ಶಾಯಿಯಲ್ಲಿ ಎಳೆದ ಗೆರೆಗಳಿರುತ್ತವೆ. ನಡುವಿನ ಹಾಳೆಯಲ್ಲಿ ಪ್ರತಿ ಕೀಯ ಕೆಳಗೆ ಒಂದು ತೂತು. ನೀವು ಕೀ ಒತ್ತಿದಾಗ ಅದರ ಕೆಳಗಿನ ಪುಟ್ಟ ರಬ್ಬರ್ ಟೋಪಿ ಕುಸಿದು ಮೇಲಿನ ಹಾಳೆಯನ್ನು ಒತ್ತುತ್ತದೆ, ಆ ತೂತಿನ ಮೂಲಕ ಎರಡು ಗೆರೆಗಳು ಮುಟ್ಟಿಕೊಳ್ಳುತ್ತವೆ. ಅಷ್ಟೇ. ಚೆಲ್ಲಿದ್ದು ಈ ಹಾಳೆಗಳ ನಡುವೆ ನುಸುಳಿದರೆ, ಎರಡು ಒದ್ದೆ ಗಾಜಿನ ನಡುವೆ ನೀರು ಹಿಡಿದುಕೊಂಡ ಹಾಗೆ ಅಲ್ಲೇ ಹಿಡಿದುಕೊಳ್ಳುತ್ತದೆ. ಹೊರಗಿರುವ ಅಕ್ಕಿಗೆ ಅದರ ಸುದ್ದಿಯೇ ಗೊತ್ತಿರುವುದಿಲ್ಲ.

ಹೋಗಲಿ, ನೀರು ಹೇಗೋ ಆರಿತು ಅಂತಲೇ ಇಟ್ಟುಕೊಳ್ಳೋಣ. ತೊಂದರೆ ಮುಗಿಯಿತಾ? ಇಲ್ಲ, ಈಗ ಶುರು. ನಾಪೋಕ್ಲಿನ ಓದುಗರೇ, ನೀವು ಬರೆದಿಲ್ಲ, ಆದರೂ ನಾನು ಹೇಳುತ್ತೇನೆ. ನಿಮ್ಮ ಕೀಬೋರ್ಡ್ ಮೇಲೆ ಯಾವತ್ತೋ ಕಾಫಿ ಬಿದ್ದಿರಬೇಕು. ಬರೀ ಕಾಫಿಯಲ್ಲ, ಬೆಲ್ಲದ ಕಾಫಿ. ನಮ್ಮ ಊರಿನ ಲ್ಯಾಪ್‌ಟಾಪ್‌ಗಳು ಕೆಡುವ ರೀತಿಯೇ ಬೇರೆ, ಅದಕ್ಕೆ ಈ ಬೆಲ್ಲವೂ ಒಂದು ಕಾರಣ ಅಂತ ನನ್ನ ಅಂದಾಜು. ನೀರು ಆರಿಹೋಗುತ್ತದೆ, ಬೆಲ್ಲ ಉಳಿಯುತ್ತದೆ. ಅಡುಗೆಮನೆಯಲ್ಲಿ ಮಳೆಗಾಲದ ಬೆಲ್ಲ ನೋಡಿದ್ದೀರಲ್ಲ? ಬೆಳಿಗ್ಗೆ ಡಬ್ಬ ತೆಗೆದರೆ ಒಸರಿ ಅಂಟಂಟಾಗಿರುತ್ತದೆ. ಪಕ್ಕದ ಉಪ್ಪಿನ ಭರಣಿಯೂ ನೀರಾಗಿರುತ್ತದೆ. ಬಿಸಿಲು ಬಂದರೆ ಅಥವಾ ಒಲೆ ಹತ್ತಿರ ಇಟ್ಟರೆ ಮತ್ತೆ ಗಟ್ಟಿ. ಸಕ್ಕರೆ, ಬೆಲ್ಲ, ಉಪ್ಪು ಎಲ್ಲವೂ ಗಾಳಿಯ ತೇವವನ್ನು ಎಳೆದುಕೊಳ್ಳುತ್ತವೆ.

ಅದೇ ಬೆಲ್ಲದ ಒಂದು ಚುಕ್ಕೆ ಈಗ ನಿಮ್ಮ ಕೀ ಕೆಳಗೆ ಕೂತಿದೆ. ರಾತ್ರಿಯ ತಂಪಿಗೆ ತೇವ ಎಳೆದು ಒಸರುತ್ತದೆ. ಎರಡು ಗೆರೆಗಳ ನಡುವೆ ಅಂಟಿನ ಪೊರೆ ಕಟ್ಟುತ್ತದೆ, ಇಲ್ಲವೇ ಮುಟ್ಟಬಾರದ ಕಡೆ ಕರೆಂಟ್ ಹರಿಯಲು ದಾರಿ ಮಾಡಿಕೊಡುತ್ತದೆ. ಬೆಳಿಗ್ಗೆ ಕೀ ಸತ್ತಿತು. ಲ್ಯಾಪ್‌ಟಾಪ್ ಎರಡು ಗಂಟೆ ಓಡಿ ಬೆಚ್ಚಗಾದ ಮೇಲೆ ಪೊರೆ ಒಣಗುತ್ತದೆ. ಮಧ್ಯಾಹ್ನ ಕೀ ಬದುಕಿತು. ನೀವು ಹೇಳಿದ ಲಕ್ಷಣ ಇದೇ ಅಲ್ವಾ? ಇದರಲ್ಲಿ ಅಕ್ಕಿ ಏನು ಮಾಡಬಲ್ಲದು? ಬೆಲ್ಲವನ್ನು ಎಳೆದು ತೆಗೆಯುವ ಅಕ್ಕಿ ಇನ್ನೂ ಯಾವ ಗದ್ದೆಯಲ್ಲೂ ಬೆಳೆದಿಲ್ಲ.

ಆದರೂ "ಅಕ್ಕಿಯಲ್ಲಿಟ್ಟು ಎರಡು ದಿನ ಸರಿಯಿತ್ತಲ್ಲ" ಅನ್ನುತ್ತೀರಿ. ನಿಮ್ಮ ಅಕ್ಕಿ ಡಬ್ಬ ಅಡುಗೆಮನೆಯಲ್ಲಿ ಒಲೆಯ ಹತ್ತಿರ ಇರಬೇಕು. ಮನೆಯಲ್ಲಿ ಅತಿ ಬೆಚ್ಚಗಿನ ಜಾಗ ಅದೇ. ಕೆಲಸ ಮಾಡಿದ್ದು ಒಲೆ, ಹೆಸರು ಅಕ್ಕಿಗೆ. ತನ್ನ ಕೋಳಿ ಕೂಗದಿದ್ದರೆ ಊರಿಗೆ ಬೆಳಗಾಗಲ್ಲ ಅಂದ ಅಜ್ಜಿಯ ಲೆಕ್ಕ ಇದು.

ಅಕ್ಕಿಯಿಂದ ಲಾಭ ಇಲ್ಲ ಅಂತಷ್ಟೇ ಆಗಿದ್ದರೆ ನಾನು ಇಷ್ಟು ಕೂಗಾಡುತ್ತಿರಲಿಲ್ಲ. ನಷ್ಟ ಇದೆ. ಒಂದು ತೋಟದ ರೈಟರ್, ಅಂದರೆ ಗುಮಾಸ್ತರು, ಚೆಕ್‌ರೋಲ್ (ಕೆಲಸದವರ ಹಾಜರಿ ಪಟ್ಟಿ) ಬರೆಯುವ ಲ್ಯಾಪ್‌ಟಾಪ್ ತಂದಿದ್ದರು.

"ಎಷ್ಟು ದಿನ ಆಯ್ತಣ್ಣ ಕಾಫಿ ಚೆಲ್ಲಿ?"

"ಹತ್ತು ದಿನ. ಅವತ್ತೇ ಅಕ್ಕಿಗೆ ಹಾಕಿದ್ದೆ."

"ಬ್ಯಾಟರಿ ಕನೆಕ್ಷನ್ ತೆಗೆದಿದ್ರಾ?"

"ಅದು ಒಳಗಿರೋದಲ್ವಾ?"

ಹೌದು, ಒಳಗೇ ಇರುತ್ತದೆ. ಸ್ವಿಚ್ ಆಫ್ ಮಾಡಿದರೂ ಬೋರ್ಡಿನ ಕೆಲವು ಭಾಗಗಳಿಗೆ ಬ್ಯಾಟರಿಯ ಕರೆಂಟ್ ಹೋಗುತ್ತಲೇ ಇರುತ್ತದೆ. ಒದ್ದೆ, ಉಪ್ಪಿನಂಶ, ಕರೆಂಟ್ ಮೂರೂ ಸೇರಿದರೆ ಲೋಹ ಕೊರೆದು ಹೋಗುತ್ತದೆ. ಹತ್ತು ದಿನ ಅಕ್ಕಿಯ ಮರೆಯಲ್ಲಿ ಅದು ಆರಾಮವಾಗಿ ಕೊರೆದಿತ್ತು. ಬಿಚ್ಚಿದರೆ ಬೋರ್ಡಿನ ಮೇಲೆ ಹಸಿರು ಪುಡಿ, ಹಾಳೆಯ ಗೆರೆಗಳು ಕಪ್ಪು. ಮೊದಲ ದಿನವೇ ತಂದಿದ್ದರೆ ತೊಳೆದು ಕೊಡುತ್ತಿದ್ದೆ. ಅವರಿಗೆ ಬೈಯಲು ಮನಸ್ಸು ಬರಲಿಲ್ಲ. ಪಾಪ, ಒಳ್ಳೆಯದಾಗಲಿ ಅಂತಲೇ ಮಾಡಿದ್ದರು.

ಹಾಗಾದರೆ ಚೆಲ್ಲಿದ ತಕ್ಷಣ ಏನು ಮಾಡಬೇಕು? ಚಾರ್ಜರ್ ಕಿತ್ತುಬಿಡಿ. ಪವರ್ ಬಟನ್ ಒತ್ತಿ ಹಿಡಿದು ಪೂರ್ತಿ ಆಫ್ ಮಾಡಿ. ತೆರೆದು ಗುಡಾರದ ಹಾಗೆ ಬೋರಲು ನಿಲ್ಲಿಸಿ, ಬಂದಷ್ಟು ಇಳಿದು ಹೋಗಲಿ. ಫ್ಯಾನಿನ ಗಾಳಿ ಬೀಳುವ ಹಾಗೆ ಇಡಿ. "ಬರುತ್ತಾ ನೋಡೋಣ" ಅಂತ ಆನ್ ಮಾಡಬೇಡಿ. ನಾನು ನೋಡಿದ ಅರ್ಧಕ್ಕರ್ಧ ಲ್ಯಾಪ್‌ಟಾಪ್‌ಗಳನ್ನು ಕೊಂದದ್ದು ಚೆಲ್ಲಿದ ಕಾಫಿಯಲ್ಲ, ಈ ನೋಡೋಣ. ಹೇರ್ ಡ್ರೈಯರ್ ಹಿಡಿಯಬೇಡಿ, ಕೀಗಳ ಕೆಳಗಿನ ಸಣ್ಣ ಪ್ಲಾಸ್ಟಿಕ್ ಕೊಂಡಿಗಳು ಸೊಟ್ಟಗಾಗುತ್ತವೆ. ಬಟ್ಟೆ ಒಣಗಿಸುವ ಕೆಂಡದ ಮೇಲೆ ಹಿಡಿಯುವವರೂ ಇದ್ದಾರೆ. ಅವರ ಬಗ್ಗೆ ನಾನು ಏನೂ ಬರೆಯುವುದಿಲ್ಲ. ಮರುದಿನದೊಳಗೆ ಬಿಚ್ಚಿ ತೊಳೆಯಬಲ್ಲವರ ಹತ್ತಿರ ಕೊಡಿ.

ಹಳೆಯ ತೊಂದರೆಯಾಗಿದ್ದರೆ, ಕೆಟ್ಟಿರುವ ಕೀಗಳು ಯಾವುವು ಅಂತ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಇದು ಯಾರೂ ಮಾಡದ ಕೆಲಸ, ಆದರೆ ಅರ್ಧ ರೋಗ ಇದರಲ್ಲೇ ಗೊತ್ತಾಗುತ್ತದೆ. ಒಂದೇ ಕೀ ಆಗಿದ್ದರೆ ಅದರ ಕೆಳಗೆ ಕಸವೋ ಅಂಟೋ ಇದೆ. ಅಕ್ಕಪಕ್ಕದ ಕೀಗಳಾಗಿದ್ದರೆ ಅಲ್ಲಿ ಏನೋ ಚೆಲ್ಲಿದೆ. ಒಂದಕ್ಕೊಂದು ಸಂಬಂಧವೇ ಇಲ್ಲದ ನಾಲ್ಕು ಕೀಗಳು ಒಟ್ಟಿಗೆ ಹೋಗಿ ಒಟ್ಟಿಗೆ ಬಂದರೆ, ಅದು ಲೈನಿನ ತೊಂದರೆ. ಕೀಬೋರ್ಡ್‌ನಲ್ಲಿ ಪ್ರತಿ ಕೀಗೂ ಬೇರೆ ತಂತಿ ಇರುವುದಿಲ್ಲ. ಅಡ್ಡ ಗೆರೆ, ಉದ್ದ ಗೆರೆ ಎಳೆದು, ಅವು ಸೇರುವ ಜಾಗದಲ್ಲಿ ಕೀ ಕೂರಿಸುತ್ತಾರೆ. 8 ಅಡ್ಡ, 16 ಉದ್ದ ಗೆರೆ ಇದ್ದರೆ 24 ಗೆರೆಯಲ್ಲೇ 128 ಕೀ ನಡೆಸಬಹುದು. ಒಂದು ಗೆರೆ ಬಿರುಕು ಬಿಟ್ಟರೆ ಅದರ ಮೇಲಿನ ಕೀಗಳೆಲ್ಲ ಒಟ್ಟಿಗೆ ಹೋಗುತ್ತವೆ. ಗಾಳಿಬೀಡು ರಸ್ತೆಯಲ್ಲಿ ಎಲ್ಲೋ ಮರ ಬಿದ್ದು ನಿಮ್ಮ ಮನೆಯ ಕರೆಂಟ್ ಹೋಗಿ, ಪಕ್ಕದ ಮನೆಯಲ್ಲಿ ಇನ್ನೊಂದು ಲೈನಿನಿಂದ ದೀಪ ಉರಿಯುತ್ತಿರುತ್ತದಲ್ಲ, ಹಾಗೆಯೇ. ಕೆಲವೊಮ್ಮೆ ಕೀಬೋರ್ಡನ್ನು ಬೋರ್ಡಿಗೆ ಸೇರಿಸುವ ರಿಬ್ಬನ್ ಕೇಬಲ್ ಸಡಿಲವಾಗಿರುತ್ತದೆ. ತೆಗೆದು, ತುದಿ ಒರೆಸಿ ಮತ್ತೆ ಕೂರಿಸಿದರೆ ಆಯಿತು, ಹತ್ತು ನಿಮಿಷದ ಕೆಲಸ.

ಒಂದೇ ಕೀ ಅಂಟಿದ್ದರೆ ಮನೆಯಲ್ಲೇ ಪ್ರಯತ್ನಿಸಬಹುದು. ಲ್ಯಾಪ್‌ಟಾಪ್ ಆಫ್ ಮಾಡಿ, ಓರೆಯಾಗಿ ಹಿಡಿದು ಬ್ಲೋವರ್‌ನಿಂದ ಗಾಳಿ ಬಿಡಿ. ಬಾಯಿಂದ ಊದಬೇಡಿ, ಉಗುಳೂ ಒದ್ದೆಯೇ. ಆಮೇಲೆ ಕಿವಿ ಕಡ್ಡಿಯನ್ನು 99% ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿ, ಹಿಂಡಿ, ಕೀಯ ಸುತ್ತ ಒರೆಸಿ. ಕೈ ತೊಳೆಯುವ ಸ್ಯಾನಿಟೈಸರ್ ಬೇಡ, ಅದರಲ್ಲಿ ನೀರೂ ಇದೆ, ಅಂಟೂ ಇದೆ. ಇದರಿಂದ ಹೋಗದಿದ್ದರೆ ಕೀಬೋರ್ಡ್ ಬದಲಿಸುವುದೇ ದಾರಿ. ಮೂರು ಹಾಳೆ ಬಿಡಿಸಿ ತೊಳೆದು ಮತ್ತೆ ಅಂಟಿಸುವ ಸಾಹಸವನ್ನು ನಾನೂ ಮಾಡಿದ್ದೇನೆ, ಹೊಗಳಿಕೊಳ್ಳುವಂಥದ್ದೇನೂ ಆಗಲಿಲ್ಲ.

ಒಂದು ಎಚ್ಚರಿಕೆ. ಕೀಗಳು ಕೆಳಗಿನಿಂದ ಉಬ್ಬಿ ಬಂದ ಹಾಗೆ ಕಂಡರೆ, ಟಚ್‌ಪ್ಯಾಡ್ ಎದ್ದಿದ್ದರೆ, ಲ್ಯಾಪ್‌ಟಾಪ್ ಮೇಜಿನ ಮೇಲೆ ಸಮನಾಗಿ ಕೂರದಿದ್ದರೆ, ಅದು ಕೀಬೋರ್ಡ್ ರೋಗವಲ್ಲ. ಬ್ಯಾಟರಿ ಊದಿದೆ. ಚಾರ್ಜ್ ಹಾಕಬೇಡಿ, ಒತ್ತಬೇಡಿ, ಚುಚ್ಚಬೇಡಿ. ಬೆಂಕಿ ಹತ್ತಿಕೊಳ್ಳಬಹುದು. ಅವತ್ತೇ ತೆಗೆಸಿ.

ಮಳೆಗಾಲದಲ್ಲಿ ಕಾಪಾಡಿಕೊಳ್ಳುವುದು ಹೇಗೆ ಅಂತ ಕೇಳಿದರೆ ನಮ್ಮ ಹಿರಿಯರ ಉಪಾಯವೇ ಸರಿ. ರೇಷ್ಮೆ ಸೀರೆಗೆ ಬೂಸ್ಟು ಹಿಡಿಯದಿರಲಿ ಅಂತ ಬೀರುವಿನಲ್ಲಿ ಹಳೇ ಬಲ್ಬ್ ಉರಿಸುತ್ತಿದ್ದರಲ್ಲ? ಅದರ ಹಿಂದೆ ಲೆಕ್ಕ ಇದೆ. 20 ಡಿಗ್ರಿಯಲ್ಲಿ 90% ತೇವಾಂಶ ಇರುವ ಗಾಳಿಯನ್ನು 30 ಡಿಗ್ರಿಗೆ ಬೆಚ್ಚಗೆ ಮಾಡಿದರೆ ತೇವಾಂಶ ಸುಮಾರು 50%ಕ್ಕೆ ಇಳಿಯುತ್ತದೆ. ಒಂದು ಹನಿ ನೀರನ್ನೂ ಹೊರಗೆ ಹಾಕಬೇಕಿಲ್ಲ. ಲ್ಯಾಪ್‌ಟಾಪ್ ತಾನೇ ಒಂದು ಬಲ್ಬ್ ಇದ್ದ ಹಾಗೆ. ದಿನಾ ಒಂದೆರಡು ಗಂಟೆ ಓಡಿಸಿ. ಬ್ಯಾಗಿನಲ್ಲಿ ತಿಂಗಳುಗಟ್ಟಲೆ ಮುಚ್ಚಿಟ್ಟ ಲ್ಯಾಪ್‌ಟಾಪ್‌ಗಳೇ ಜಾಸ್ತಿ ಕೆಡುವುದು. ದೂರ ಹೋಗುವುದಿದ್ದರೆ ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ. ಡಬ್ಬದ ಬಾಯಿ ಬಿಗಿಯಾಗಿರಬೇಕು. ಇಲ್ಲದಿದ್ದರೆ ಅದಕ್ಕೂ ಅಕ್ಕಿಗೆ ಆದ ಗತಿಯೇ.

ಇನ್ನು ಯಾರೂ ಕೇಳದ ಒಂದು ವಿಷಯ. ಕನ್ನಡ ಟೈಪ್ ಮಾಡುವವರ ಲ್ಯಾಪ್‌ಟಾಪ್‌ನಲ್ಲಿ ಎಫ್ ಕೀ ಯಾಕೆ ಬೇಗ ಸವೆಯುತ್ತದೆ? ಒಬ್ಬರು ಗಾಬರಿಯಿಂದ ಬಂದಿದ್ದರು. "ವೈರಸ್ ಬಂದು ಒತ್ತಕ್ಷರ ಎಲ್ಲ ತಿಂದುಹಾಕಿದೆ, ಅಕ್ಕಿ ಅಂತ ಹೊಡೆದರೆ ಅಕಕಿ ಬರುತ್ತೆ, ಕನ್ನಡ ಅಂದರೆ ಕನನಡ." ನನಗೆ ನಗು ತಡೆಯಲಾಗಲಿಲ್ಲ. ಕನ್ನಡ ಬರೆಯುವ ನುಡಿ ತಂತ್ರಾಂಶದಲ್ಲಿರುವ, ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯಲ್ಲಿ ಒತ್ತು ಕೊಡಲು ಎಫ್ ಒತ್ತಬೇಕು. ಕನ್ನಡ ಅಂತ ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯೂ. ನಮ್ಮ ಒಂದು ಸಾಲು ಬರೆಯುವಷ್ಟರಲ್ಲಿ ಆ ಕೀಗೆ ಎಷ್ಟು ಪೆಟ್ಟು ಬೀಳುತ್ತದೆ ಎಣಿಸಿ ನೋಡಿ. ಇನ್‌ಸ್ಕ್ರಿಪ್ಟ್ ಅನ್ನುವ ಇನ್ನೊಂದು ಕೀಲಿಮಣೆಯಲ್ಲಿ ಬರೆಯುವವರಿಗೆ ಇದೇ ಕೆಲಸ ಡಿ ಕೀಯದ್ದು. ಗಾಬರಿಯಿಂದ ಬಂದಿದ್ದವರ ಇಂಗ್ಲಿಷ್ ಪತ್ರಗಳಲ್ಲೂ ಎಫ್ ಇರುವ ಕಡೆಯೆಲ್ಲ ಖಾಲಿ ಬಿಟ್ಟಿತ್ತು, ಅದನ್ನು ಮಾತ್ರ ಅವರು ಗಮನಿಸಿರಲಿಲ್ಲ. ಹೊಸ ಕೀಬೋರ್ಡ್ ಬರುವವರೆಗೆ ಯುಎಸ್‌ಬಿ ಕೀಬೋರ್ಡ್ ಕೊಟ್ಟು ಕಳಿಸಿದೆ.

ನಾಪೋಕ್ಲಿನವರೇ, ನಿಮ್ಮ ನಾಲ್ಕೈದು ಕೀಗಳು ಯಾವುವು ಅಂತ ನೀವು ಬರೆದೇ ಇಲ್ಲ. ಬರೆದು ಕಳಿಸಿ. ಅವು ಅಕ್ಕಪಕ್ಕ ಇವೆಯೋ ಚದುರಿವೆಯೋ ಗೊತ್ತಾದರೆ, ಬಿಚ್ಚಬೇಕಾದ್ದು ರಿಬ್ಬನ್ನೋ ಪೂರ್ತಿ ಕೀಬೋರ್ಡೋ ಅಂತ ಹೇಳುತ್ತೇನೆ. ಬರುವಾಗ ಲ್ಯಾಪ್‌ಟಾಪ್ ಒಂದನ್ನೇ ತನ್ನಿ.